ಮಾಸಿನ ಗುಳಿಗೆ ನುಂಗುವುದು ಪಾಪವೇ?



ಒಂದು ಭಾನುವಾರ ಬಲಿಪೂಜೆ ಮುಗಿದು ಎಲ್ಲರೂ ಮನೆಗೆ ಹೊರಟಿದ್ದರು. ಧರ್ಮಕೇಂದ್ರದ ತಾಯಿಯೊಬ್ಬರು ಮಾತ್ರ ಬಾಗಿಲ ಬಳಿ ನಿಂತೇ ಇದ್ದರು. ಅಮೆರಿಕದಲ್ಲಿರುವ ಅವರ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ಹೋಗೋಣವೆಂದರೆ ತಾಯಿಗೆ ವೀಸಾ ಇನ್ನೂ ಕೈಸೇರಿರಲಿಲ್ಲ. "ಫಾದರ್, ಅಲ್ಲಿ ಹೆರಿಗೆಯ ಮಾಸನ್ನು ಒಣಗಿಸಿ, ಪುಡಿ ಮಾಡಿ, ಗುಳಿಗೆಯಲ್ಲಿ ತುಂಬಿ ಕೊಡುತ್ತಾರಂತೆ. ಹೆತ್ತವಳು ಅದನ್ನು ನುಂಗಿದರೆ ಶಕ್ತಿ ಬರುತ್ತದಂತೆ, ಎದೆಹಾಲು ಹೆಚ್ಚುತ್ತದಂತೆ, ಮನಸ್ಸು ಕುಗ್ಗುವುದಿಲ್ಲವಂತೆ. ತೆಗೆದುಕೊಳ್ಳಲೇ ಎಂದು ಮಗಳು ಕೇಳುತ್ತಿದ್ದಾಳೆ. ಇದು ಪಾಪವಲ್ಲವೇ?" ಎಂದರು.

ನಿಜ ಹೇಳಬೇಕೆಂದರೆ ನನ್ನ ಬಾಯಿಂದ ಮೊದಲು ಹೊರಟದ್ದು "ಛೀ!" ಎಂಬ ಮಾತು. ಆ ತಾಯಿ ತಲೆ ತಗ್ಗಿಸಿಕೊಂಡು ಹೋದರು. ರಾತ್ರಿ ಮಲಗುವಾಗ ನನಗೆ ನಾಚಿಕೆಯಾಯಿತು. ಅಸಹ್ಯವೆನಿಸಿದ್ದೆಲ್ಲ ಅಧರ್ಮವಲ್ಲ ಎಂಬುದನ್ನು ಸೆಮಿನರಿಯ ನೀತಿಶಾಸ್ತ್ರದ ತರಗತಿಯಲ್ಲಿ ಕಲಿತವನು ನಾನು. ಕೇಳಿದ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡುವುದು ನನ್ನ ಕರ್ತವ್ಯವಾಗಿತ್ತು. ಆ ಉತ್ತರವನ್ನು ಇಂದು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಮಾಸು ಎಂದರೆ ಗರ್ಭದಲ್ಲಿ ಮಗುವನ್ನು ತಾಯಿಯೊಡನೆ ಬೆಸೆಯುವ ಅಂಗ. ಹೆರಿಗೆಯ ಹೊತ್ತಿಗೆ ಅದರ ತೂಕ ಸುಮಾರು ಅರ್ಧ ಕಿಲೋ. ಅನ್ನಾಹಾರದ ಸಾರ, ಆಮ್ಲಜನಕ ಅದರ ಮೂಲಕವೇ ಮಗುವಿಗೆ ದಾಟುತ್ತವೆ. ಮಗುವಿನ ಕಲ್ಮಶ ಅದರ ಮೂಲಕವೇ ಹಿಂದಿರುಗುತ್ತದೆ. ಅದರ ಹೆಚ್ಚಿನ ಭಾಗ ಬೆಳೆಯುವುದು ಭ್ರೂಣದ ಕಡೆಯಿಂದ, ಉಳಿದದ್ದು ತಾಯಿಯಿಂದ. ಹೀಗೆ ಅದು ಇಬ್ಬರದೂ ಹೌದು. ಮಗು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಅದರ ಕೆಲಸ ಮುಗಿಯುತ್ತದೆ.

ಇಂಥ ಅಂಗವನ್ನು ಕಸವೆಂದು ಬಿಸಾಡಲು ಮನುಷ್ಯರಿಗೆ ಎಂದೂ ಮನಸ್ಸು ಬಂದಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಭಾಷೆಯಲ್ಲಿ ಮಾಸಿಗೂ ಭೂಮಿಗೂ ಒಂದೇ ಹೆಸರು, 'ಫೆನುವಾ'. ಮಾಸನ್ನು ಅವರು ತಮ್ಮ ನೆಲದಲ್ಲೇ ಹೂಳುತ್ತಾರೆ. ನಮ್ಮ ಹಳ್ಳಿಗಳಲ್ಲಿಯೂ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ನಾಯಿ ನರಿ ಮುಟ್ಟದಂತೆ ಗುಂಡಿ ತೋಡಿ ಹೂಳುತ್ತಿದ್ದರು. ಹಸು ಈದರೆ ಅದರ ಮಾಸನ್ನು ಆಲದ ಮರಕ್ಕೆ ಕಟ್ಟುವ ರೂಢಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಈಗ ಆಸ್ಪತ್ರೆಗಳಲ್ಲಿ ಮಾಸು ಹಳದಿ ಚೀಲ ಸೇರುತ್ತದೆ. ಸೋಂಕು ಹರಡದಿರಲು ಇದು ಬೇಕಾದ ಕ್ರಮವೇ.

ಆದರೆ ತಿನ್ನುವುದು? ಬಹುತೇಕ ಪ್ರಾಣಿಗಳು ಈದ ಕೂಡಲೇ ಮಾಸನ್ನು ತಿನ್ನುತ್ತವೆ, ಮನುಷ್ಯರಿಗೂ ಇದು ಸಹಜವೇ ಎಂದು ಈ ಗುಳಿಗೆಯ ಪರವಾಗಿ ವಾದಿಸುವವರಿದ್ದಾರೆ. ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದ ಸಂಶೋಧಕರು 179 ಸಮಾಜಗಳ ದಾಖಲೆಗಳನ್ನು ಹುಡುಕಿ 2010ರಲ್ಲಿ ವರದಿ ಪ್ರಕಟಿಸಿದರು. ಹೆತ್ತ ತಾಯಿಯೇ ಮಾಸನ್ನು ತಿನ್ನುವುದು ಅವುಗಳಲ್ಲಿ ಎಲ್ಲಿಯೂ ಬೇರೂರಿದ ಸಂಪ್ರದಾಯವಾಗಿ ಕಾಣಲಿಲ್ಲ. ಚೀನೀ ವೈದ್ಯದಲ್ಲಿ ಒಣಗಿಸಿದ ಮಾಸು ಔಷಧವಾಗಿ ಬಳಕೆಯಾದದ್ದುಂಟು. ಆದರೆ ಪ್ರತಿಯೊಬ್ಬ ಬಾಣಂತಿಯೂ ತನ್ನದನ್ನೇ ನುಂಗುವ ಪದ್ಧತಿ ಅದಲ್ಲ. ಪುರಾತನವೆಂದು ಹೇಳಲಾಗುವ ಇದು ನಮ್ಮ ಕಾಲದ್ದೇ.

ಹಾಗಾದರೆ ಪಾಪವೇ? ಸಂತ ತೋಮಸ್ ಅಕ್ವಿನಾಸರ ದಾರಿಯಲ್ಲಿ ನಡೆಯುವ ನೀತಿಶಾಸ್ತ್ರ ಮೂರು ಸಂಗತಿಗಳನ್ನು ನೋಡಲು ಹೇಳುತ್ತದೆ: ಮಾಡುವ ಕ್ರಿಯೆ, ಮಾಡುವವರ ಉದ್ದೇಶ, ಸುತ್ತಲಿನ ಸಂದರ್ಭ. ಮೊದಲು ಕ್ರಿಯೆ. ಮಾಸು ಒಬ್ಬ ವ್ಯಕ್ತಿಯಲ್ಲ. ಅದನ್ನು ಪಡೆಯಲು ಯಾರ ಜೀವಕ್ಕೂ ಕುಂದು ತರಬೇಕಿಲ್ಲ. ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದ ಕಾಂಡಕೋಶ ತೆಗೆಯುವುದು ತಪ್ಪಲ್ಲವೆಂದು ಧರ್ಮಸಭೆ 2008ರ 'ದಿಗ್ನಿತಾಸ್ ಪೆರ್ಸೊನೇ' ಬೋಧನೆಯಲ್ಲಿ ಹೇಳಿದೆ. ಮಾಸಿನ ಗುಳಿಗೆಯನ್ನು ನರಭಕ್ಷಣೆ ಎಂದು ಕರೆಯುವುದು ಅತಿಯಾಯಿತು. ಇನ್ನು ಉದ್ದೇಶ: ಗಟ್ಟಿಯಾಗಿ ಎದ್ದು ಮಗುವನ್ನು ನೋಡಿಕೊಳ್ಳಬೇಕೆಂಬ ಆಸೆಯಲ್ಲಿ ಕೆಟ್ಟದ್ದೇನಿದೆ?

ಕೊನೆಯದು ಸಂದರ್ಭ. ಇಲ್ಲಿಯೇ ಎಚ್ಚರ ಬೇಕು. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹುಟ್ಟಿದ ಮಗುವೊಂದಕ್ಕೆ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೇ ಸೇರಿತ್ತು. ಚಿಕಿತ್ಸೆ ಪಡೆದು ಮನೆಗೆ ಹೋದ ಮಗು ಕೆಲವೇ ದಿನಗಳಲ್ಲಿ ಅದೇ ಸೋಂಕಿನಿಂದ ಮತ್ತೆ ಆಸ್ಪತ್ರೆ ಸೇರಿತು. ತಾಯಿ ದಿನಕ್ಕೆ ಮೂರು ಬಾರಿ ಎರಡೆರಡು ಮಾಸಿನ ಗುಳಿಗೆ ನುಂಗುತ್ತಿದ್ದುದು ಆಗ ತಿಳಿಯಿತು. ಗುಳಿಗೆಗಳನ್ನು ಪರೀಕ್ಷಿಸಿದಾಗ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಬೇರೆ ಮೂಲದಿಂದಲೂ ಸೋಂಕು ತಗುಲಿರಬಹುದೆಂಬ ಸಾಧ್ಯತೆಯನ್ನು ವೈದ್ಯರು ತಳ್ಳಿಹಾಕಲಿಲ್ಲ. ಆದರೂ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಕೇಂದ್ರವು 2017ರಲ್ಲಿ ಇಂಥ ಗುಳಿಗೆ ಬೇಡವೆಂದೇ ಸಲಹೆ ನೀಡಿತು. ದೇವರ ದಯೆ, ಮಗು ಚೇತರಿಸಿಕೊಂಡಿತು.

ಲಾಭವಾದರೂ ಇದೆಯೇ? ನೆವಾಡಾದ ಸಂಶೋಧಕರೇ 27 ತಾಯಂದಿರ ಮೇಲೆ ಒಂದು ಚಿಕ್ಕ ಪ್ರಯೋಗ ನಡೆಸಿದರು. ಕೆಲವರಿಗೆ ಮಾಸಿನ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಬೇರೆ ಗುಳಿಗೆ. ಯಾರಿಗೆ ಯಾವುದೆಂದು ಅವರಿಗೇ ಗೊತ್ತಿರಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮನಸ್ಸಿನ ಸ್ಥಿತಿಯಲ್ಲಾಗಲಿ ಆಯಾಸದಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾಭ ಸಾಬೀತಾಗಿಲ್ಲ, ಅಪಾಯದ ಸುಳಿವಿದೆ. ಆದ್ದರಿಂದ ಬೇಡವೆನ್ನುವುದು ವಿವೇಕ. ವಿವೇಕವೂ ಒಂದು ಸದ್ಗುಣವೇ ತಾನೇ?

ಇಲ್ಲಿಗೇ ನಿಲ್ಲಿಸಿದ್ದರೆ ಸುಲಭವಾಗಿತ್ತು. ಆದರೆ ಬೈಬಲ್ ನನ್ನನ್ನು ಬಿಡಲಿಲ್ಲ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದಲ್ಲಿ ಮಾಸನ್ನು ತಿನ್ನುವ ತಾಯಿಯೊಬ್ಬಳ ಮಾತು ಬರುತ್ತದೆ. ಶತ್ರುಗಳು ಪಟ್ಟಣವನ್ನು ಮುತ್ತಿದ್ದಾರೆ, ಒಳಗೆ ಅನ್ನವಿಲ್ಲ. ನೆಲಕ್ಕೆ ಕಾಲಿಡದಷ್ಟು ಸುಕುಮಾರಿಯಾಗಿ ಬೆಳೆದವಳು ಯಾರಿಗೂ ಕಾಣದಂತೆ, ಯಾರಿಗೂ ಕೊಡದೆ ತಿನ್ನುತ್ತಾಳೆ. ಓದಲು ಎದೆ ನಡುಗುವ ಭಾಗವದು. ಅವಳಲ್ಲಿ ನಾನು ಕಾಣುವುದು, ಸುತ್ತಲೂ ಮುತ್ತಿಗೆ ಬಿದ್ದು ಸಂಪೂರ್ಣ ಒಂಟಿಯಾದ ಹೆಣ್ಣನ್ನು.

ಇಂದಿನ ಬಾಣಂತಿಗೆ ಅನ್ನದ ಬರವಿಲ್ಲದಿರಬಹುದು. ಆದರೆ ಮೂರನೆಯ ಮಹಡಿಯ ಮನೆಯಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ, ಅಳುವ ಕೂಸಿನೊಡನೆ ಒಬ್ಬಳೇ ಕುಳಿತವಳು ಮುತ್ತಿಗೆಯಲ್ಲಿಲ್ಲವೇ? ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದರು ಹಿರಿಯರು. ಆ ಮರುಹುಟ್ಟಿಗೆ ಎಣ್ಣೆ ನೀರು, ಮೆಣಸು ಬೆಳ್ಳುಳ್ಳಿಯ ಸಾರು, ಅಂಟಿನುಂಡೆ ಎಲ್ಲವನ್ನೂ ಒದಗಿಸಿದರು. ಬಾಣಂತಿಗೆ ನೀರು ಕುಡಿಯಲು ಬಿಡದಂಥ ತಪ್ಪುಗಳನ್ನೂ ಮಾಡಿದರು. ಆದರೂ ಒಂದು ಮಾತನ್ನು ಸರಿಯಾಗಿ ಅರಿತಿದ್ದರು: ಹೆತ್ತವಳು ತನ್ನನ್ನು ತಾನೇ ನೋಡಿಕೊಳ್ಳಬೇಕಾಗಿ ಬರಬಾರದು. ನಾವೆಲ್ಲರೂ ಕೊಡಬೇಕಾದ ಶಕ್ತಿಯನ್ನು ಅವಳು ತನ್ನ ಒಡಲಿನಿಂದಲೇ ಹುಡುಕುತ್ತಿದ್ದರೆ, ತಪ್ಪಿನ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕು?

ಮುಂದಿನ ಭಾನುವಾರ ಆ ತಾಯಿಯನ್ನು ನಾನೇ ಕರೆದು ಕ್ಷಮೆ ಕೇಳಿದೆ. "ಗುಳಿಗೆ ಬೇಡವೆಂದು ಹೇಳಿ, ಆದರೆ ಪಾಪವೆಂದು ಹೆದರಿಸಬೇಡಿ. ನಿನಗೆ ಯಾವುದರ ಭಯ ಎಂದು ಮೊದಲು ಕೇಳಿ" ಎಂದೆ. ಅವರು ಕೇಳಿದರಂತೆ. ಬಹಳ ಹೊತ್ತು ಮೌನವಾಗಿದ್ದ ಮಗಳು, "ರಾತ್ರಿ ಮಗು ಅತ್ತರೆ ಎದ್ದು ಬರಲು ನೀನಿರುವುದಿಲ್ಲವಲ್ಲಮ್ಮ" ಎಂದಳಂತೆ. ಅಳಿಯನೊಡನೆಯೂ ಮಾತಾಯಿತು. ಅವನು ಒಂದು ತಿಂಗಳ ರಜೆಗೆ ಬರೆದುಕೊಂಡ. ಪಕ್ಕದ ಬೀದಿಯ ಕನ್ನಡದ ಮನೆಯವರು ಸರದಿಯಂತೆ ಊಟ ತಂದುಕೊಡಲು ಒಪ್ಪಿದರು.

ಓದುಗರೇ, ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಬದುಕು ಬೇಡವೆನಿಸಿದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಅದು ಕಾಯಿಲೆ, ಅವಿಶ್ವಾಸವೂ ಅಲ್ಲ, ಸೋಮಾರಿತನವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ವಿಭಾಗವೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ನಿಮ್ಮ ಬೀದಿಯಲ್ಲಿಯೂ ಈ ವಾರ ಒಬ್ಬ ಬಾಣಂತಿ ಇರಬಹುದು. ಮಗುವನ್ನು ನೋಡಲು ಹೋಗುವ ನಾವು ತಾಯಿಯನ್ನು ನೋಡದೆ ಬರುತ್ತೇವೆ. ಈ ಬಾರಿ ಹೋದಾಗ ಒಂದು ಗಂಟೆ ಕೂಸನ್ನು ನಿಮ್ಮ ಮಡಿಲಿಗೆ ತೆಗೆದುಕೊಳ್ಳಿ, ಅವಳು ನೆಮ್ಮದಿಯಾಗಿ ನಿದ್ರಿಸಲಿ.