‘ಇವತ್ತು ಬೇಡ’ ಎನ್ನುವವರು ಯಾರು?

ಕಟಪಾಡಿಯಿಂದ ಪಡುವಣಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಮಟ್ಟು ಸಿಗುತ್ತದೆ. ನಮ್ಮ ಹಿರಿಯರಿಗೆ ಈ ಊರು ಗುಳ್ಳ ಬದನೆಯಿಂದ ಗೊತ್ತು. 2011ರಲ್ಲಿ ಆ ಬದನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ನಮ್ಮ ಮಕ್ಕಳಿಗೆ ಗೊತ್ತಿರುವುದು ಬೇರೆ ಕಾರಣಕ್ಕೆ: ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ, ನಡುವೆ ಕಿರಿದಾದ ರಸ್ತೆ. ಬೈಕಿನಲ್ಲಿ ಬಂದು ಫೋಟೊ ತೆಗೆದುಕೊಂಡು ಹೋಗುವವರು ಬಹಳ. ಫೋಟೊದಿಂದ ತೃಪ್ತರಾಗದವರು ಒಂದು ಇಡೀ ದಿನದ ಕಾರ್ಯಕ್ರಮವನ್ನೇ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹೊಳೆಯಲ್ಲಿ ಕಯಾಕ್ ದೋಣಿ, ಆಮೇಲೆ ವ್ಯಾನು ಹತ್ತಿ ಹೆಬ್ರಿಯ ಕಡೆಗೆ, ಅಲ್ಲಿ ಮಳೆಗಾಲದ ಸೀತಾನದಿಯಲ್ಲಿ ರಾಫ್ಟಿಂಗ್, ಹೊತ್ತು ಉಳಿದರೆ ಯಾವುದಾದರೊಂದು ಅಬ್ಬಿಯ ಬಂಡೆಯಲ್ಲಿ ಹಗ್ಗ ಹಿಡಿದು ಇಳಿಯುವುದು.

ಧರ್ಮಕೇಂದ್ರದ ಯುವಜನರು ಇಂಥ ಪಟ್ಟಿ ಹಿಡಿದು ಮನೆಗೆ ಬಂದಾಗ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಎಷ್ಟು ಖರ್ಚು? ಯಾರು ಯಾರು ಹೋಗುತ್ತೀರಿ? ಮೂರನೆಯದು ಮನಸ್ಸಿನಲ್ಲೇ ಉಳಿಯುತ್ತದೆ. ದೇವರು ಕೊಟ್ಟ ಜೀವವನ್ನು ಒಂದು ದಿನದ ಮೋಜಿಗಾಗಿ ಅಪಾಯಕ್ಕೆ ಒಡ್ಡುವುದು ಸರಿಯೇ? ಕೇಳಿದರೆ ಹಳೇ ಕಾಲದವರು ಎನಿಸಿಕೊಳ್ಳಬೇಕಾದೀತು ಎಂದು ಸುಮ್ಮನಾಗುತ್ತೇವೆ. ಮಕ್ಕಳೂ ಸುಮ್ಮನೆ ಹೊರಡುತ್ತಾರೆ. ಪ್ರಶ್ನೆ ಅಲ್ಲೇ ಬಿದ್ದಿರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಧರ್ಮಸಭೆ ಸಾಹಸದ ವೈರಿಯಲ್ಲ. ಪೋಪ್ 11ನೇ ಭಕ್ತಿನಾಥರು (ಪಿಯುಸ್) ಗುರುಗಳಾಗಿದ್ದಾಗ ನುರಿತ ಪರ್ವತಾರೋಹಿ. ಆಗ ಅವರ ಹೆಸರು ಅಕಿಲ್ಲೆ ರಾತ್ತಿ. 1889ರಲ್ಲಿ ಆಲ್ಪ್ಸ್‌ನ ಮೊಂಟೆ ರೋಸಾದ ಕಡಿದಾದ ಪೂರ್ವ ಮುಖವನ್ನು ಏರಿ, ಶಿಖರದ ಸಮೀಪ ಬಂಡೆಯ ಚಾಚಿನ ಮೇಲೆ ಕೊರೆಯುವ ಚಳಿಯಲ್ಲಿ ಒಂದು ರಾತ್ರಿ ಕಳೆದವರು. ಸಂತ 2ನೇ ಜಾನ್ ಪಾಲರು 1958ರ ಬೇಸಿಗೆಯಲ್ಲಿ ಯುವಜನರೊಡನೆ ಪೋಲೆಂಡಿನ ನದಿಯಲ್ಲಿ ಕಯಾಕ್ ದೋಣಿಯ ಪ್ರವಾಸದಲ್ಲಿದ್ದಾಗಲೇ ಅವರಿಗೆ ವಾರ್ಸಾದಿಂದ ಕರೆ ಬಂತು. ಸಹಾಯಕ ಧರ್ಮಾಧ್ಯಕ್ಷರಾಗಿ ನೇಮಕವಾಗಿರುವ ಸುದ್ದಿ. ಒಪ್ಪಿಗೆ ಕೊಟ್ಟು ಅವರು ಮತ್ತೆ ದೋಣಿಗೇ ಮರಳಿದರು! 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಪಿಯೆರ್ ಜೊರ್ಜೊ ಫ್ರಸಾತಿ ಟೂರಿನಿನ ಯುವಕ, ಬೆಟ್ಟವೆಂದರೆ ಪ್ರಾಣ. 1925ರಲ್ಲಿ 24ನೇ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು ಬೆಟ್ಟದಿಂದ ಬಿದ್ದಲ್ಲ, ಪೋಲಿಯೋದಿಂದ. ಬಡ ರೋಗಿಗಳ ಸೇವೆಯಲ್ಲಿ ಅದು ಅಂಟಿರಬೇಕೆಂದು ನಂಬಲಾಗಿದೆ. ಆದುದರಿಂದ, ‘ನೀರಿಗೆ ಹೋಗಬೇಡ, ಬೆಟ್ಟಕ್ಕೆ ಹೋಗಬೇಡ, ಮನೆಯಲ್ಲೇ ಕೂತಿರು’ ಎನ್ನುವುದನ್ನು ಧರ್ಮೋಪದೇಶವೆಂದು ಯಾರೂ ಹೇಳಬೇಕಾಗಿಲ್ಲ. ಮನೆಯಲ್ಲೇ ಕೂತ ಮಗ ಮೊಬೈಲಿನಲ್ಲಿ ಏನು ನೋಡುತ್ತಾನೆ ಎಂಬುದು ಬೇರೆಯೇ ಮಾತು.

ಹಾಗಾದರೆ ತಪ್ಪು ಎಲ್ಲಿ ಆರಂಭವಾಗುತ್ತದೆ? ಸಂತ ತೋಮಾಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣಕ್ಕೆ ಇಬ್ಬರು ಶತ್ರುಗಳನ್ನು ತೋರಿಸುತ್ತಾರೆ. ಒಂದು ಅತಿಯಾದ ಭಯ, ಇನ್ನೊಂದು ಅತಿಯಾದ ಎದೆಗಾರಿಕೆ. ಹೇಡಿಯನ್ನು ಎಲ್ಲರೂ ಗುರುತಿಸುತ್ತಾರೆ. ಎರಡನೆಯವನನ್ನು ನಾವು ಧೀರನೆಂದೇ ತಿಳಿದು ಚಪ್ಪಾಳೆ ತಟ್ಟುತ್ತೇವೆ. ಶುಭಸಂದೇಶದಲ್ಲಿ ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ತುದಿಗೆ ಕರೆದೊಯ್ದು ಕೆಳಗೆ ಧುಮುಕಲು ಹೇಳಿದ್ದನ್ನು ನೆನಪಿಸಿಕೊಳ್ಳಿ. ದೂತರು ಹಿಡಿದುಕೊಳ್ಳುತ್ತಾರೆ ಎಂಬ ಭರವಸೆಯನ್ನೂ ಅವನೇ ಕೊಟ್ಟ. ವಿಶ್ವಾಸದ ಭಾಷೆಯಲ್ಲೇ ಬಂದ ಶೋಧನೆ ಅದು. ಸ್ವಾಮಿ ಧುಮುಕಲಿಲ್ಲ. ‘ಪೇತ್ರನು ನೀರಿನ ಮೇಲೆ ನಡೆಯಲಿಲ್ಲವೇ?’ ಎಂದು ಕೇಳುವ ಜಾಣರಿದ್ದಾರೆ. ನಡೆದ, ನಿಜ. ಆದರೆ ಅಪ್ಪಣೆ ಕೇಳಿದ, ‘ಬಾ’ ಎಂಬ ಕರೆ ಬಂದ ಮೇಲೆಯೇ ದೋಣಿಯಿಂದ ಕಾಲು ಇಳಿಸಿದ.

ಆದರೂ ಸೀತಾನದಿಗೆ ರಾಫ್ಟ್ ಇಳಿಸುವ ಹುಡುಗ ದೇವಾಲಯದ ತುದಿಯಿಂದ ಧುಮುಕುತ್ತಿಲ್ಲವಲ್ಲ, ಅವನಿಗೆ ಜೀವರಕ್ಷಕ ಜಾಕೆಟ್ ಇದೆ, ಹೆಲ್ಮೆಟ್ ಇದೆ, ದಾರಿ ತೋರಿಸುವವನಿದ್ದಾನೆ, ಎಂದು ನೀವು ಹೇಳಬಹುದು. ಸರಿಯಾದ ಮಾತು. ಅದಕ್ಕಾಗಿಯೇ ಅವೆಲ್ಲವೂ ಇದ್ದ ಒಂದು ದಿನದ ಕತೆಯನ್ನು ಇಲ್ಲಿ ಹೇಳಬೇಕು.

ಸ್ವಿಟ್ಜರ್‌ಲೆಂಡಿನ ಇಂಟರ್‌ಲಾಕೆನ್ ಬಳಿ ಜಾಕ್ಸೆಟ್‌ಬಾಖ್ ಎಂಬ ತೊರೆ ಇದೆ. ಅಲ್ಲಿ ಕ್ಯಾನಿಯನಿಂಗ್ ನಡೆಯುತ್ತಿತ್ತು, ಅಂದರೆ ಕಡಿದಾದ ಕೊರಕಲಿನಲ್ಲಿ ತೊರೆಯ ಜೊತೆಗೇ ನಡೆದು, ಜಾರಿ, ಗುಂಡಿಗೆ ಹಾರಿ, ಹಗ್ಗದಲ್ಲಿ ಇಳಿಯುತ್ತ ಕೆಳಕ್ಕೆ ಬರುವ ಆಟ. 1999ರ ಜುಲೈ 27ರಂದು ಒಂದು ತಂಡ ಕೊರಕಲಿನೊಳಗೆ ಇದ್ದಾಗ ಮೇಲಿನ ಬೆಟ್ಟದಲ್ಲಿ ಗುಡುಗು ಮಳೆ ಸುರಿಯಿತು. ನೀರು ಗೋಡೆಯಂತೆ ಬಂತು. 18 ಪ್ರವಾಸಿಗರು, ಅವರ ಜೊತೆಗಿದ್ದ 3 ಮಾರ್ಗದರ್ಶಿಗಳು, ಒಟ್ಟು 21 ಮಂದಿ ಸತ್ತರು. ಸಲಕರಣೆಗೆ ಕೊರತೆ ಇರಲಿಲ್ಲ. 2001ರಲ್ಲಿ ನ್ಯಾಯಾಲಯ ಸಂಸ್ಥೆಯ 6 ಮಂದಿಯನ್ನು ನಿರ್ಲಕ್ಷ್ಯದಿಂದಾದ ಸಾವಿಗೆ ಹೊಣೆಯೆಂದು ತೀರ್ಮಾನಿಸಿತು. ಆರೋಪಿಗಳಲ್ಲಿ ಇಬ್ಬರು ಮಾರ್ಗದರ್ಶಿಗಳನ್ನು ಬಿಟ್ಟುಬಿಟ್ಟಿತು. ಈ ತೀರ್ಪಿನಲ್ಲಿ ನನಗೆ ಕಾಣುವ ನೀತಿ ಇದು: ನೀರಿಗಿಳಿದವನಿಗಿಂತ, ಒಣ ನೆಲದಲ್ಲಿ ಕುಳಿತು ‘ಇಳಿಯಿರಿ’ ಎಂದವನ ಹೊಣೆ ದೊಡ್ಡದು.

ಸ್ವಿಟ್ಜರ್‌ಲೆಂಡ್ ದೂರವಾಯಿತು ಎನ್ನಬೇಡಿ. ಘಟ್ಟದ ಕೆಳಗಿನ ನಮಗೆ ಇದಕ್ಕಿಂತ ಪರಿಚಿತವಾದ ಸಂಗತಿ ಬೇರೆ ಯಾವುದಿದೆ? ಸೀತಾನದಿಯ ನೀರು ಬರುವುದು ಆಗುಂಬೆಯ ಸುತ್ತಲಿನ ಕಾಡಿನಿಂದ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಊರದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದಿತ್ತು. ಹೆಬ್ರಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲೆ ಮಳೆ ಹೊಡೆಯುತ್ತಿರಬಹುದು. ತಿಳಿ ನೀರು ಕೆಂಪಾಗುವುದು, ತರಗೆಲೆ ಕಡ್ಡಿಗಳು ತೇಲಿ ಬರತೊಡಗುವುದು, ಹೊಳೆಯ ಸದ್ದು ಬದಲಾಗುವುದು, ಇವನ್ನು ಹೊಳೆದಡದ ಮನೆಯ ಅಜ್ಜಿ ಅಂಗಳದಿಂದಲೇ ಗುರುತಿಸುತ್ತಾಳೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವನಿಗೆ ಗೊತ್ತಾಗುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಫ್ಲ್ಯಾಟಿನಲ್ಲಿ ಬೆಳೆದ ನಮ್ಮ ಮಕ್ಕಳಿಗೂ ಗೊತ್ತಾಗುವುದಿಲ್ಲ. ಹೀಗೆ ಅಪಾಯವನ್ನು ತಿಳಿದು ಎದುರಿಸುವುದು ಬೇರೆ, ತಿಳಿಯದೆ ಅದರೊಳಗೆ ನಡೆಯುವುದು ಬೇರೆ. ಎರಡನೆಯದಕ್ಕೆ ಧೈರ್ಯವೇ ಬೇಕಾಗಿಲ್ಲ.

ಕಡಲಿನವರನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮೀನಿನ ಸಂತಾನ ಉಳಿಯಲಿ ಎಂಬುದು ಮುಖ್ಯ ಕಾರಣ, ಮಳೆಗಾಲದ ಕಡಲಿನ ಅಬ್ಬರವೂ ಒಂದು. ಆ ದಿನಗಳಲ್ಲಿ ನಾಡದೋಣಿಯವರು ಹೋಗುತ್ತಾರೆ, ಆದರೆ ಕಡಲು ನೋಡಿ ಹೋಗುತ್ತಾರೆ. ತೂಫಾನು ಎದ್ದರೆ ದೋಣಿ ದಡದಲ್ಲೇ. ಒಂದು ದಿನ ಹೋಗದಿದ್ದರೆ ಮನೆಯ ಗಂಜಿಗೆ ತೊಂದರೆ, ಆದರೂ ಹೋಗುವುದಿಲ್ಲ. ಅನ್ನಕ್ಕಾಗಿ ನೀರಿಗಿಳಿಯುವವನು ‘ಇವತ್ತು ಬೇಡ’ ಎಂದು ಹಿಂದೆ ಸರಿಯುವಾಗ, ಮೋಜಿಗಾಗಿ ಇಳಿಯುವವನು ‘ರಜೆ ಸಿಕ್ಕಿದ್ದು ಇವತ್ತೇ’ ಎಂದು ಹಟ ಹಿಡಿಯುವುದು ವಿಚಿತ್ರವಲ್ಲವೇ?

ಇನ್ನೊಂದು ಮಾತನ್ನು ನಾವು ಅಷ್ಟಾಗಿ ಆಡುವುದಿಲ್ಲ. ‘ನನ್ನ ಜೀವ, ನನ್ನ ಇಷ್ಟ’ ಎಂದು ಯುವಕರು ಹೇಳುವುದುಂಟು. ಜೀವ ದೇವರದು ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿದೆ. ಅದು ನಿಜವೂ ಹೌದು. ಆದರೆ ಅದಕ್ಕಿಂತ ಮೊದಲು ಹೇಳಬೇಕಾದ್ದು, ಆ ಅಪಾಯದಲ್ಲಿ ಇರುವುದು ಅವನೊಬ್ಬನ ಜೀವವಲ್ಲ ಎಂಬುದು. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಬಂಡೆಯಿಂದ ಜಾರಿ ಬಿದ್ದಾಗ, ಭೋರ್ಗರೆವ ನೀರಿನ ಬಳಿ ಹಗ್ಗ ಕಟ್ಟಿಕೊಂಡು ಸುಮಾರು ಒಂದು ವಾರ ಹುಡುಕಿದವರು ಯಾರು? ಅವರಿಗೂ ಮನೆ, ಮಕ್ಕಳು ಇದ್ದಾರೆ. ನಮ್ಮ ಮಲ್ಪೆಯ ಮುಳುಗುತಜ್ಞ ಈಶ್ವರ್ ಅವರನ್ನು ಎಲ್ಲರೂ ಬಲ್ಲರು. ಹೊಳೆ, ಕಡಲುಗಳಿಂದ ಎಷ್ಟೋ ಮನೆಗಳ ಮಕ್ಕಳ ದೇಹಗಳನ್ನು ಮೇಲೆತ್ತಿ ತಂದವರು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಬಳಿಕ ಗಂಗಾವಳಿಯಲ್ಲಿ ಮುಳುಗಿ ಹುಡುಕುತ್ತಿದ್ದಾಗ ಅವರ ಹಗ್ಗವೇ ತುಂಡಾಗಿ, ಸೆಳೆತಕ್ಕೆ ಸಿಕ್ಕಿದ ಅವರನ್ನು ಬೇರೆಯವರು ಮೇಲೆತ್ತಬೇಕಾಯಿತು. ಅಲ್ಲಿ ಸಿಲುಕಿದವರು ಮೋಜಿಗೆ ಹೋದವರಲ್ಲ, ದಾರಿಯಲ್ಲಿ ಹೋಗುತ್ತಿದ್ದವರು, ಚಹಾ ಅಂಗಡಿಯವರು. ಹಾಗಿದ್ದರೂ ಹುಡುಕುವವನಿಗೆ ಅಪಾಯ ಅದೇ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿಯಿಲ್ಲ ಎಂದು ಸ್ವಾಮಿ ಬೋಧಿಸಿದ್ದಾರೆ. ಅಂಥ ಪ್ರೀತಿ ಕೊಡುವವನ ದಾನ. ಒಂದು ರೀಲ್‌ಗಾಗಿ ಕಂಬಿ ದಾಟಿ ನಿಲ್ಲುವವನಿಗೆ ಆ ದಾನವನ್ನು ಅಪರಿಚಿತರಿಂದ ಮುಂಗಡವಾಗಿ ಪಡೆದುಕೊಳ್ಳುವ ಹಕ್ಕಿಲ್ಲ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 1992ರಲ್ಲಿ ಹೊರಬಂದಾಗ ಐದನೆಯ ಆಜ್ಞೆಯ ವಿವರಣೆಯಲ್ಲಿ ಒಂದು ಸಣ್ಣ ಮಾತು ಸೇರಿತು. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆ, ಕಡಲು, ಆಕಾಶಗಳಲ್ಲಿ ತನ್ನ ಹಾಗೂ ಇತರರ ಸುರಕ್ಷತೆಗೆ ಕುಂದು ತರುವವರ ದೋಷ ಗಂಭೀರವಾದುದು ಎಂದು (2290ನೇ ಪರಿಚ್ಛೇದ). ‘ತನ್ನ ಹಾಗೂ ಇತರರ’ ಎಂಬುದನ್ನು ಗಮನಿಸಿ. ಕೊಲೆ ಮಾಡಬೇಡ ಎಂಬ ಆಜ್ಞೆಯಡಿ ಅದು ಬಂದಿದೆ. ಪಾಪನಿವೇದನೆಗೆ ಹೋಗುವಾಗ ಈ ಲೆಕ್ಕ ಎಷ್ಟು ಮಂದಿಗೆ ನೆನಪಾಗುತ್ತದೋ! ಕುಡಿದು ನೀರಿಗಿಳಿಯುವುದು ನಮ್ಮ ಪ್ರವಾಸಗಳಲ್ಲಿ ಅಪರೂಪವೇನಲ್ಲ.

ಹೊರಡುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ: ಏನಾದರೂ ಆದರೆ ನಾನೇ ಜವಾಬ್ದಾರ ಎಂದು. ಓದದೆ ಸಹಿ ಹಾಕುವುದು ನಮ್ಮ ವಾಡಿಕೆ. ಈ ಸಹಿಯಿಂದ ನೈತಿಕ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಿಡುತ್ತದೆಯೇ? ನನಗೆ ಹಾಗೆ ತೋರುವುದಿಲ್ಲ. ಹೊಳೆಯಲ್ಲಿ ಬಂಡೆ ಇದೆ, ರಾಫ್ಟ್ ಮಗುಚಬಹುದು, ಇದಕ್ಕೆ ನಾನು ಒಪ್ಪಬಹುದು. ನನ್ನನ್ನು ಕರೆದೊಯ್ಯುವವನು ಮೇಲಿನ ಮಳೆಯ ವಿಚಾರ ತಿಳಿದುಕೊಳ್ಳದೆ ಹೊರಟಿದ್ದಾನೆ ಎಂಬುದಕ್ಕೆ ನಾನು ಒಪ್ಪಿಲ್ಲ, ಏಕೆಂದರೆ ಅದು ನನಗೆ ಗೊತ್ತೇ ಇಲ್ಲ. ಮಕ್ಕಳ ವಿಷಯದಲ್ಲಂತೂ ಒಪ್ಪಿಗೆಯ ಮಾತೇ ಬರುವುದಿಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ಹುಡುಗಿಯರು ಮುಳುಗಿ ಸತ್ತರು. ರಾಫ್ಟೂ ಇಲ್ಲ, ಹಗ್ಗವೂ ಇಲ್ಲ. ಅಲೆಗೆ ಕಾಲು ಒಡ್ಡುವ ಆಸೆ, ಅಷ್ಟೇ. ಆ ವಯಸ್ಸಿನಲ್ಲಿ ಆ ಆಸೆ ತಪ್ಪಲ್ಲ. ಆ ಕ್ಷಣಕ್ಕೆ ‘ಬೇಡ’ ಎನ್ನಬೇಕಾದವರು ದೊಡ್ಡವರು.

ಅಲ್ಲಿಗೆ ನನ್ನ ಪ್ರಶ್ನೆ ಬಂದು ನಿಲ್ಲುತ್ತದೆ. ಒಂದು ಸಾಹಸ ಪ್ರವಾಸ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ನದಿಯನ್ನು ನೋಡುವುದಕ್ಕಿಂತ, ಅದನ್ನು ರದ್ದು ಮಾಡುವ ಅಧಿಕಾರ ಯಾರಿಗಿದೆ ಎಂದು ನೋಡಬೇಕು. ರಾಫ್ಟಿನ ಹಿಂದೆ ಕುಳಿತ ಮಾರ್ಗದರ್ಶಿ ಹೆಚ್ಚಾಗಿ ಚಿಕ್ಕ ವಯಸ್ಸಿನ ಹುಡುಗ. ನೀರು ಸರಿಯಿಲ್ಲ ಎಂದು ಅವನಿಗೆ ತೋರುತ್ತದೆ. ಅವನು ಹಾಗೆ ಹೇಳಬಹುದೇ? ಹೇಳಿದರೆ ಅವನ ದಿನಗೂಲಿ ಉಳಿಯುತ್ತದೆಯೇ? ಯಜಮಾನನಿಗೆ ಮುಂಗಡ ಹಣ ವಾಪಸು ಕೊಡಬೇಕಾದ ಸಂಕಟ. ಇನ್ನು ನಾವು? ಇಷ್ಟು ದೂರ ಬಂದಿದ್ದೇವೆ, ಹಣ ಕಟ್ಟಿದ್ದೇವೆ, ನಿನ್ನೆ ಬಂದವರನ್ನು ಕರೆದುಕೊಂಡು ಹೋಗಿದ್ದೀರಲ್ಲ, ಇವತ್ತೇನು ಎಂದು ದಡದಲ್ಲಿ ನಿಂತು ಜಗಳ ಮಾಡುವವರು ನಾವೇ. ಮೂವತ್ತು ಮಂದಿ ಹೀಗೆ ಗದ್ದಲ ಮಾಡಿದರೆ ಆ ಹುಡುಗ ತನ್ನ ಕಣ್ಣಿಗೆ ಕಂಡದ್ದನ್ನು ನುಂಗಿಕೊಂಡು ರಾಫ್ಟ್ ಎಳೆಯುತ್ತಾನೆ. ಮುಂದೆ ಏನಾದರೂ ಆದಾಗ ಸಂಸ್ಥೆಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗದ್ದಲ ಮಾಡಿದವರ ಹೆಸರು ಬರುವುದಿಲ್ಲ.

ಆದ್ದರಿಂದ ತಂದೆತಾಯಂದಿರೇ, ಖರ್ಚೆಷ್ಟು ಎಂದು ಕೇಳುವಾಗಲೇ ಇನ್ನೊಂದನ್ನೂ ಕೇಳಿ: ಮಳೆ ಬಂದರೆ ಹಣ ವಾಪಸು ಕೊಡುತ್ತಾರೆಯೇ? ಲೌಕಿಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕೊಡುತ್ತೇವೆ ಎನ್ನುವವನು ‘ಬೇಡ’ ಎನ್ನಲು ತನಗೆ ತಾನೇ ಸ್ವಾತಂತ್ರ್ಯ ಇಟ್ಟುಕೊಂಡಿದ್ದಾನೆ. ನಿಮ್ಮ ಮಗಳಿಗೂ ಹೇಳಿ ಕಳುಹಿಸಿ, ಗುಂಪಿನಲ್ಲಿ ನಿನಗೊಬ್ಬಳಿಗೆ ಹೆದರಿಕೆಯಾದರೆ ದಡದಲ್ಲಿ ಕುಳಿತುಕೊ, ಗೆಳತಿಯರು ನಕ್ಕರೆ ನಗಲಿ, ಮನೆಯಲ್ಲಿ ನಾವು ನಗುವುದಿಲ್ಲ ಎಂದು. ಈ ಒಂದು ಮಾತು ಮೊದಲೇ ಸಿಕ್ಕಿದ್ದರೆ ಎಷ್ಟೋ ಮಕ್ಕಳಿಗೆ ಹಿಂದೆ ಸರಿಯುವುದು ಸುಲಭವಾಗುತ್ತದೆ.

ಧರ್ಮಕೇಂದ್ರಗಳ ಯುವ ಸಂಘಟನೆಗಳು ಹಣ ಕೂಡಿಸುವಾಗಲೇ ಎರಡು ಕಾರ್ಯಕ್ರಮ ಬರೆದಿಟ್ಟುಕೊಳ್ಳಬಹುದು, ಹೊಳೆಗೆ ಇಳಿಯಬಹುದಾದ ದಿನಕ್ಕೊಂದು, ಇಳಿಯಲಾಗದ ದಿನಕ್ಕೊಂದು. ಎರಡನೆಯದೂ ಸಪ್ಪೆಯಾಗಬೇಕಿಲ್ಲ. ಹೆಬ್ರಿಯಿಂದ ಕಾರ್ಕಳದ ದಾರಿ ಹಿಡಿದರೆ ವರಂಗದಲ್ಲಿ ಕೆರೆಯ ನಡುವಿನ ಬಸದಿ ಇದೆ. ಮಳೆಯಲ್ಲಿ ಅದನ್ನು ನೋಡಬೇಕು. ಮುಂದೆ ಹೋದರೆ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾ. ಸಂಜೆಗೆ ಮಟ್ಟುವಿನ ರಸ್ತೆಗೆ ಮರಳಿ, ಕಡಲಿನಿಂದ ದೂರ ನಿಂತು ಅಲೆ ನೋಡಬಹುದು. ವ್ಯಾನಿನವನಿಗೆ ಈ ಎರಡನೆಯ ದಾರಿಯನ್ನೂ ಮೊದಲೇ ಹೇಳಿಟ್ಟರೆ ಬಾಡಿಗೆಯ ತಕರಾರು ಬರುವುದಿಲ್ಲ.