ಕೈಬಿಟ್ಟ ಹಾಡು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದರು ಹಿರಿಯರು. ಆ ಗಾದೆ ಹುಟ್ಟಿದ ಕಾಲದಲ್ಲಿ ಆಡಿದ ಮಾತು ಕೇಳಿದವರ ನೆನಪಿನೊಡನೆ ಎಂದಾದರೊಂದು ದಿನ ಅಳಿಯುತ್ತಿತ್ತು. ಧ್ವನಿಮುದ್ರಣ ಬಂದ ಮೇಲೆ ಆ ಅನುಕೂಲವೂ ತಪ್ಪಿತು. ಹಾಡಿದವನಿಗೆ ಮುಪ್ಪು ಬಂದರೂ ಮುದ್ರಿತವಾದ ದನಿಗೆ ಮುಪ್ಪಿಲ್ಲ. ಅದರೊಳಗಿನ ಅವಿವೇಕಕ್ಕೂ ಇಲ್ಲ. ಅಂಥ ಹಾಡನ್ನು ಹಿಂದೆಗೆದುಕೊಳ್ಳುವುದು ಸಾಧ್ಯವೆ? ಸಾಧ್ಯವಾದರೂ ಅಷ್ಟರಿಂದಲೇ ಋಣ ತೀರಿತೆ?

ಅಮೆರಿಕದ ‘ಗನ್ಸ್ ಎನ್ ರೋಸಸ್’ ಎಂಬ ಹಾರ್ಡ್ ರಾಕ್ ತಂಡದ ಕತೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. 1987ರಲ್ಲಿ ‘ಅಪಿಟೈಟ್ ಫಾರ್ ಡಿಸ್ಟ್ರಕ್ಷನ್’ ಎಂಬ ಮೊದಲ ಆಲ್ಬಮ್ಮನ್ನು ತಂದು ಜಗತ್ಪ್ರಸಿದ್ಧವಾದ ಈ ಐವರ ತಂಡ, ಮರುವರ್ಷ ‘ಜಿ ಎನ್ ಆರ್ ಲೈಸ್’ ಎಂಬ ಎಂಟು ಹಾಡುಗಳ ಆಲ್ಬಮ್ಮನ್ನು ಹೊರತಂದಿತು. ‘ಪೇಷನ್ಸ್’ ಎಂಬ ಕೋಮಲವಾದ ಪ್ರೇಮಗೀತೆ ಅದರಲ್ಲಿದೆ. ಅದೇ ಆಲ್ಬಮ್ಮಿನ ಕೊನೆಯ ಹಾಡು ‘ಒನ್ ಇನ್ ಎ ಮಿಲಿಯನ್’. ಇಂಡಿಯಾನಾ ರಾಜ್ಯದ ಲಾಫೆಯೆಟ್ ಊರಿನಿಂದ ಲಾಸ್ ಏಂಜಲೀಸಿಗೆ ಬಂದಿಳಿದ ತರುಣನ ದಿಗಿಲನ್ನು ಗಾಯಕ ಆಕ್ಸಲ್ ರೋಸ್ ಇದರಲ್ಲಿ ತೋಡಿಕೊಂಡಿದ್ದಾನೆ. ಆದರೆ ಆ ದಿಗಿಲು ಕಪ್ಪು ಜನರನ್ನೂ, ಸಲಿಂಗಪ್ರೇಮಿಗಳನ್ನೂ, ವಲಸೆ ಬಂದವರನ್ನೂ ಹೀಯಾಳಿಸುವ ಬೈಗುಳಾಗಿ ಹೊರಬಿದ್ದಿದೆ.

ಕವಿಯಾದವನು ದುಷ್ಟನ ಬಾಯಲ್ಲಿ ದುಷ್ಟ ಮಾತನ್ನು ಆಡಿಸಬಾರದೆ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಆಡಿಸಬಹುದು. ಆದರೆ ಅಲ್ಲಿ ಪಾತ್ರಕ್ಕಿಂತ ಕೃತಿಗೆ ಹೆಚ್ಚಿನ ತಿಳಿವಿರುತ್ತದೆ. ರೋಸ್ ಅಂದು ಈ ಹಾಡನ್ನು ಸಮರ್ಥಿಸಿಕೊಂಡದ್ದು ತನ್ನ ಸ್ವಂತ ಅನುಭವದ ಹೆಸರಿನಲ್ಲಿ. ಅನುಭವವು ನೋವಿಗೆ ಸಾಕ್ಷಿಯಾದೀತೇ ಹೊರತು ಇಡೀ ಜನವರ್ಗವೊಂದರ ಮೇಲಿನ ತೀರ್ಪಿಗೆ ಆಧಾರವಾಗದು.

ಇನ್ನೊಂದು ವಿಚಿತ್ರವುಂಟು. ಸುದ್ದಿಪತ್ರಿಕೆಯ ಪುಟದಂತೆ ರಚಿಸಿದ್ದ ಆಲ್ಬಮ್ಮಿನ ಹೊದಿಕೆಯಲ್ಲಿ, ಈ ಹಾಡಿನಿಂದ ನೊಂದವರಲ್ಲಿ ಮೊದಲೇ ಕ್ಷಮೆ ಕೋರಲಾಗಿತ್ತು. ಹೊಡೆಯುವ ಮುನ್ನವೇ ಕ್ಷಮೆ ಕೇಳುವವನು ನೋವಾಗುತ್ತದೆಂಬುದನ್ನು ಬಲ್ಲ; ಬಲ್ಲನಾದುದರಿಂದಲೇ ಅವನ ಹೊಣೆ ಇಮ್ಮಡಿಯಾಗುತ್ತದೆ.

ಹೊಣೆ ಅವನೊಬ್ಬನದೂ ಅಲ್ಲ. ತಂಡದ ಗಿಟಾರುವಾದಕ ಸ್ಲ್ಯಾಷನ ತಾಯಿ ಕಪ್ಪು ಜನಾಂಗದವಳು. ಈ ಹಾಡು ತನಗೆ ಹಿಡಿಸಿರಲಿಲ್ಲವೆಂದು ಆತ ಹೇಳಿಕೊಂಡಿದ್ದಾನೆ. ಆದರೂ ಹಾಡು ಹೊರಬಂದಿತು. ಗೆಳೆತನಕ್ಕೋ ಒಗ್ಗಟ್ಟಿಗೋ ಕಟ್ಟುಬಿದ್ದು, ನಮ್ಮವರನ್ನೇ ಹಳಿಯುವ ಮಾತಿಗೆ ನಾವು ಶ್ರುತಿ ಹಿಡಿಯುವುದು ರಾಕ್ ಸಂಗೀತದವರಲ್ಲಿ ಮಾತ್ರ ಕಾಣುವ ದೌರ್ಬಲ್ಯವಲ್ಲ. ಕಚೇರಿಗಳಲ್ಲಿಯೂ ಮದುವೆಮನೆಗಳಲ್ಲಿಯೂ ಅದು ನಿತ್ಯ ಕಾಣುವಂಥದೇ. ಕೊನೆಗೆ 1989ರಲ್ಲಿ ಲಾಸ್ ಏಂಜಲೀಸಿನ ವೇದಿಕೆಯ ಮೇಲೆ ನಿಂತು ಈ ಹಾಡನ್ನು ಖಂಡಿಸಿದವನು ‘ಲಿವಿಂಗ್ ಕಲರ್’ ಎಂಬ ಬೇರೊಂದು ತಂಡದ ಕಪ್ಪು ಕಲಾವಿದ ವರ್ನನ್ ರೀಡ್. ಪೆಟ್ಟು ತಿಂದವನೇ ಪೆಟ್ಟಿನ ವಿಷಯ ಎತ್ತಬೇಕಾಯಿತು.

2018ರಲ್ಲಿ ಮೊದಲ ಆಲ್ಬಮ್ಮಿನ ಬೃಹತ್ ಮರುಮುದ್ರಣ ಹೊರಬಂದಾಗ ‘ಲೈಸ್’ನ ಉಳಿದ ಹಾಡುಗಳೂ ಅದರಲ್ಲಿ ಸೇರಿದವು, ಈ ಹಾಡೊಂದು ಸೇರಲಿಲ್ಲ. ಎಲ್ಲರೂ ಒಪ್ಪಿ ಕೈಬಿಟ್ಟರೆಂದೂ, ಹೆಚ್ಚಿನ ಚರ್ಚೆಯೇ ಬೇಕಾಗಲಿಲ್ಲವೆಂದೂ ಸ್ಲ್ಯಾಷ್ ಹೇಳಿದ. ಒಳ್ಳೆಯದೇ ಆಯಿತು. ನೋಯಿಸುವ ಮಾತನ್ನು ಮತ್ತೆ ಮತ್ತೆ ಮಾರಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ಆದರೆ ಅಮೆರಿಕವೊಂದರಲ್ಲೇ 50 ಲಕ್ಷ ಪ್ರತಿಗಳಷ್ಟಾದರೂ ಹರಡಿದ ಹಾಡನ್ನು ಒಂದು ಪೆಟ್ಟಿಗೆಯಿಂದ ತೆಗೆದ ಮಾತ್ರಕ್ಕೆ ಅದು ಹಾಡದಂತಾಗುವುದೆ? ಮುಂದೆ ಹಬ್ಬುವುದನ್ನು ತಡೆಯುವುದು ಒಂದು ಕರ್ತವ್ಯ. ಆದುದಕ್ಕೆ ಉತ್ತರ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಕತ್ತರಿ ಸಾಕು, ಎರಡನೆಯದಕ್ಕೆ ಬಾಯಿ ಬೇಕು. ಎಷ್ಟು ಗಟ್ಟಿಯಾಗಿ ಹಾಡಿದ್ದೆವೋ ಅಷ್ಟೇ ಗಟ್ಟಿಯಾಗಿ ‘ಅದು ತಪ್ಪು, ಅದು ನನ್ನದು’ ಎನ್ನಬಲ್ಲ ಬಾಯಿ. ಒಡೆದ ಮುತ್ತು ಅದರಿಂದ ಕೂಡಲಾರದು; ಕಳೆದುಕೊಂಡವನ ಮುಂದೆ ತಲೆತಗ್ಗಿಸಿ ನಿಂತಂತಾದರೂ ಆದೀತು.