ಗಡಸು ಬೀಜವೂ ಗಡಸು ಹೃದಯವೂ

ಬೇಸಿಗೆಯ ಉರಿಬಿಸಿಲಿನಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹಾದಿ ನಡೆಯುವವರು ಕೆಂಪುತುರಾಯಿ ಮರವನ್ನು ಬಲ್ಲರು. ಗುಲ್‌ಮೊಹರ್ ಎಂದರೂ ಅದೇ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಪರದೇಶಿಯು ಉಣ್ಣತಕ್ಕ ಹಣ್ಣನ್ನು ಕೊಡದು. ಆದರೂ ದೇವಾಲಯದ ಅಂಗಳಕ್ಕೆ ಶೋಭೆಯೆಂದು ಅನೇಕರು ಬೀಜವನ್ನು ಹಾಕಿ, ಮೊಳೆಯಲಿಲ್ಲವೆಂದು ಕೈಬಿಡುತ್ತಾರೆ. ಬೀಜವು ಸತ್ತದ್ದಲ್ಲ, ನೀರನ್ನು ಒಳಗೆ ಬಿಡದಷ್ಟು ಅದರ ಸಿಪ್ಪೆಯು ಗಡಸು. ಮೊಳದುದ್ದದ ಒಣಕಾಯನ್ನು ಒಡೆದು ಬೀಜಗಳನ್ನು ತೆಗೆದು, ಮೊಳಕೆಯ ಕಣ್ಣನ್ನು ಮುಟ್ಟದೆ ಒಂದು ಬದಿಯನ್ನು ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ ರಾತ್ರಿಯೆಲ್ಲಾ ನೆನೆಯಿಡತಕ್ಕದ್ದು. ಇಲ್ಲವೆ ಒಲೆಯಿಂದಿಳಿಸಿದ ಬಿಸಿನೀರನ್ನು ಹೊಯ್ದು ಆರಲು ಬಿಡತಕ್ಕದ್ದು. ಬೆಳಿಗ್ಗೆ ಉಬ್ಬಿದವುಗಳನ್ನು ಊರಬಹುದು.

ಇದನ್ನು ಕಂಡ ಕೆಲವರು ಕೂಡಲೇ ದೃಷ್ಟಾಂತವನ್ನು ಕಟ್ಟುತ್ತಾರೆ. ಕಠಿಣಹೃದಯದವನನ್ನೂ ಹೀಗೆಯೇ ಉಜ್ಜಬೇಕು, ಗದರಿಸಬೇಕು, ಇನ್ನು ಬರಬೇಡವೆಂದು ಬೆದರಿಸಬೇಕು, ಆಗ ಮೆತ್ತಗಾದಾನು ಎನ್ನುತ್ತಾರೆ. ವರುಷಗಟ್ಟಲೆ ಆರಾಧನೆಗೆ ಬಂದು ಹಿಂದಿನ ಚಾಪೆಯಲ್ಲಿ ಕೂತು, ದೀಕ್ಷಾಸ್ನಾನದ ಮಾತೆತ್ತಿದೊಡನೆ ಎದ್ದುಹೋಗುವವನು ಯಾವ ಊರಲ್ಲಿಲ್ಲ? ಅವನಿಗೆ ಹೀಗೆ ಮಾಡುವದು ನ್ಯಾಯವೋ?

ಗಡಸುತನವನ್ನೆಲ್ಲಾ ಹಠವೆಂದು ಎಣಿಸುವದು ಅವಸರದ ತೀರ್ಪೆಂದು ನಮ್ಮ ಅಭಿಪ್ರಾಯ. ಮಿರಗದ ಮಳೆ ಒಂದು ಸಾರಿ ಸುರಿದು, ಆಮೇಲೆ ಹದಿನೈದು ದಿನ ಮೋಡವೇ ಕಾಣದ ವರುಷಗಳನ್ನು ಕಾಲುವೆ ಮುಟ್ಟದ ಹೊಲದವರು ಬಲ್ಲರು. ಎಲ್ಲಾ ಬೀಜಗಳೂ ಆ ಒಂದೇ ಮಳೆಗೆ ಬಿರಿದರೆ ಎಲ್ಲವೂ ಒಣಗುವವು. ಆದಕಾರಣ ಒಂದು ಈ ವರುಷ, ಇನ್ನೊಂದು ಬರುವ ವರುಷ ಬಾಯಿ ತೆರೆಯುತ್ತದೆ. ಸಾಲ ಕೊಟ್ಟವನ ಸವಿಮಾತನ್ನೂ ಓಟು ಕೇಳಿದವನ ಸವಿಮಾತನ್ನೂ ನಂಬಿ ಕೆಟ್ಟವನು ಬೋಧಕನ ಮಾತಿಗೂ ಮುಚ್ಚಿಕೊಂಡರೆ, ಅದು ಫರೋಹನ ಕಾಠಿಣ್ಯವಲ್ಲ, ಕಾವಲು.

ಆದರೂ ತೋಟಗಾರನು ಉಜ್ಜುತ್ತಾನಲ್ಲಾ ಎಂದು ಯಾರಾದರೂ ಕೇಳಾರು. ಹೌದು, ಹಿಡಿಬೀಜದಲ್ಲಿ ನಾಲ್ಕು ಬೆಂದು ಹಾಳಾದರೆ ಅವನು ಇನ್ನೊಂದು ಕಾಯನ್ನು ಒಡೆಯುವನು. ತೊಂಭತ್ತೊಂಭತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿದ ಕುರುಬನ ಆಳಿಗೆ ಆ ಲೆಕ್ಕ ಸಲ್ಲದು.

ಮಸ್ಕಿಯ ಬಂಡೆಯ ಶಾಸನವನ್ನು 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನು ಕಂಡನು. ಅಶೋಕನೆಂಬ ಹೆಸರೇ ಅದರಲ್ಲಿರುವದರಿಂದ ಅದು ಪ್ರಸಿದ್ಧವಾಯಿತು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರುಷಗಳು ಮೀರಿದವೆಂದೂ, ಸಂಘವನ್ನು ಸೇರಿ ವರುಷಕ್ಕೆ ಮಿಕ್ಕಿತೆಂದೂ ಅರಸನು ಅಲ್ಲಿ ಹೇಳುತ್ತಾನೆ. ಅವನ ಮತವು ನಮ್ಮದಲ್ಲ. ಆದರೆ ಚಕ್ರವರ್ತಿಗೂ ನಡುವೆ ಅಷ್ಟು ಕಾಲ ಹಿಡಿಯಿತಲ್ಲಾ!

ಹಾಗಾದರೆ ಕೈಕಟ್ಟಿ ಕೂಡ್ರಬೇಕೋ? ಅಲ್ಲ. ಉಬ್ಬದೆ ಉಳಿದ ಬೀಜಗಳನ್ನು ಬಿಸಾಡದೆ ಮತ್ತೆ ನೀರಿಗೆ ಹಾಕುತ್ತೇವೆ. ಆ ಮನುಷ್ಯನ ಮನೆಗೂ ಹೋಗುತ್ತಿರಬೇಕು. ವಿಶೇಷವಾಗಿ ಅವನ ಎತ್ತು ಸತ್ತ ದಿನ ಹೋಗಬೇಕು, ದೀಕ್ಷಾಸ್ನಾನದ ಮಾತೆತ್ತದೆ.

ಮೊಳೆತ ಸಸಿಯ ವಿಷಯದಲ್ಲಿ ಇನ್ನೊಂದು ಮಾತು. ಹೂವಿಗೆ ಐದಾರು ವರುಷವಾದರೂ ಬೇಕು, ಕೆಲವು ಸಾರಿ ಹತ್ತು. ಬೇರು ನೆಲದ ಮೇಲ್ಗಡೆಯೇ ಹಬ್ಬುವದರಿಂದಲೂ ಕೊಂಬೆಯು ಬಿರುಗಾಳಿಗೆ ಮುರಿಯುವದರಿಂದಲೂ ಅದನ್ನು ದೇವಾಲಯದ ಗೋಡೆಯಿಂದ ದೂರವೇ ನೆಡಿರಿ.